ಮೂರು ಕಾಡು ಸೇರಿ ಕಿತ್ತ ಲಂಟಾನ

ಊಹಿಸಿ ನೋಡೋಣ. ಒಂದು ಕಾಡಿನಲ್ಲಿ ಒಂದು ಬೆಳಿಗ್ಗೆ ಪಕ್ಕದ ಕಾಡುಗಳ ಆನೆಗಳೂ ಕಾಟಿಗಳೂ ಸಾಲಾಗಿ ಗಡಿ ದಾಟಿ ಬಂದವು. ಬಂದವು, ನೆಲದ ತುಂಬ ಲದ್ದಿ, ಸೆಗಣಿ ಹಾಕಿದವು, ಬಂದ ದಾರಿಯಲ್ಲೇ ಹೊರಟವು. ಆ ಕಾಡಿನವರು ಸಿಟ್ಟಾಗಲಿಲ್ಲ. ಬದಲಿಗೆ ಕೈಮುಗಿದು, "ನಾಳೆಯೂ ಬನ್ನಿ, ಹೊಟ್ಟೆ ತುಂಬ ತಿಂದುಕೊಂಡೇ ಬನ್ನಿ" ಎಂದರು! ಯಾಕಿರಬಹುದು? ನಗಬೇಡಿ, ಯೋಚಿಸಿ. ಗೊತ್ತಾಗಲಿಲ್ಲವೇ? ಸರಿ, ಮೊದಲಿನಿಂದ ಹೇಳುತ್ತೇನೆ. ಕಥೆಯನ್ನು ಮೊದಲಿನಿಂದ ಹೇಳುವುದೇ ಒಂದು ಸುಖ.

ಒಂದು ಹೊಳೆಯ ಸುತ್ತ ಮೂರು ಕಾಡುಗಳಿದ್ದವು. ಬಿದಿರುಕಾಡನ್ನು ಭದ್ರವ್ವ ಎಂಬ ಆನೆ ಆಳುತ್ತಿದ್ದಳು. ಹುಲ್ಲುಕಾಡನ್ನು ಮುದ್ದಪ್ಪ ಎಂಬ ಕಾಟಿ ಆಳುತ್ತಿದ್ದ. ಕಾಟಿ ಎಂದರೆ ಕಾಡುಕೋಣ. ಬಿಳಿ ಕಾಲುಚೀಲ ಹಾಕಿಕೊಂಡಂತೆ ಕಾಣುತ್ತದಲ್ಲ, ಅದೇ. ಮೂರನೆಯದು ಕುರುಚಲುಕಾಡು. ಅಲ್ಲಿ ಆಳುವುದಕ್ಕೆ ಏನೂ ಉಳಿದಿರಲಿಲ್ಲ, ಹಾಗಾಗಿ ರಾಜನಾಗಲು ಯಾರೂ ಒಪ್ಪಲಿಲ್ಲ. ಕೊನೆಗೆ ಗಿಡ್ಡವ್ವ ಎಂಬ ಮುಳ್ಳುಹಂದಿ, "ಆಗಲಿ, ನಾನೇ ಆಗ್ತೀನಿ. ಬೈಸಿಕೊಳ್ಳೋಕಾದರೂ ಒಬ್ಬರು ಬೇಕಲ್ಲ" ಎಂದು ಯಜಮಾನಿಯಾದಳು.

ಆ ಕಾಡಿಗೆ ಬಡತನ ಬಂದದ್ದು ಲಂಟಾನದಿಂದ. ನೀವು ನೋಡಿರುತ್ತೀರಿ, ಕೆಂಪು ಹಳದಿ ಹೂಗೊಂಚಲು, ಕೆಳಗೆ ಕಾಂಡದ ತುಂಬ ಮುಳ್ಳು. ನೋಡಲು ಚಂದ, ಬೆಳೆದರೆ ರಾಕ್ಷಸ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಗೆಡ್ಡೆ ಬಲಿಯುವುದಿಲ್ಲ. ಮೊಲಗಳು ಸೊರಗಿದವು. ಜಿಂಕೆಗಳ ಪಕ್ಕೆಲುಬು ಕಾಣತೊಡಗಿತು. ಗಿಡ್ಡವ್ವನ ಒಂದೇ ಒಂದು ಮರಿ ಬಿಲದಿಂದ ಹೊರಗೆ ಬರುವಷ್ಟು ತ್ರಾಣವೂ ಇಲ್ಲದೆ ಮಲಗಿಬಿಟ್ಟಿತ್ತು. "ಅವ್ವಾ, ಇವತ್ತಾದರೂ ಗೆಡ್ಡೆ ಸಿಕ್ಕಿತಾ?" ಎಂದು ಕೇಳುತ್ತಿತ್ತು. "ನಾಳೆ ಸಿಗ್ತದೆ ಕಂದಾ" ಎನ್ನುತ್ತಿದ್ದಳು ಗಿಡ್ಡವ್ವ. ಆಮೇಲೆ ಬೇರೆ ಕಡೆ ತಿರುಗಿ ಕೂರುತ್ತಿದ್ದಳು.

ಪಕ್ಕದ ಕಾಡಿನವರು ಕೆಟ್ಟವರೇನಲ್ಲ. ಹಣ್ಣು ಕಳಿಸುತ್ತಿದ್ದರು. ಆದರೆ ಆ ಕಾಲದಲ್ಲೊಂದು ಪದ್ಧತಿಯಿತ್ತು: ಒಂದು ಕಾಡನ್ನು ಆಳುವವರು ಇನ್ನೊಂದರ ಗಡಿ ಮೆಟ್ಟಬಾರದು, ಪರಸ್ಪರ ನೇರವಾಗಿ ಮಾತನ್ನೂ ಆಡಬಾರದು. ಎಲ್ಲ ರಾಯಭಾರಿಯ ಮೂಲಕ. ರಾಯಭಾರಿ ಯಾರು? ಕೆಂಚರಾಯ ಎಂಬ ಕೋತಿ. ಅವನು ಮರದ ಮೇಲೆ ಓಡಾಡುವವನು, ಕಾಲು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಗಡಿಯೂ ತಾಗುವುದಿಲ್ಲ. ಕೋತಿಯ ಗಲ್ಲದೊಳಗೆ ಚೀಲವಿರುವುದು ನಿಮಗೆ ಗೊತ್ತಲ್ಲ? ಬಿದಿರುಕಾಡಿನಿಂದ ಹೊರಟ ಹಲಸಿನ ತೊಳೆ ಮೊದಲು ಆ ಚೀಲಕ್ಕೆ, ಅಲ್ಲಿಂದ ಹೊಟ್ಟೆಗೆ. ಕುರುಚಲುಕಾಡಿಗೆ ತಲುಪುತ್ತಿದ್ದುದು ಸಿಪ್ಪೆ, ಜೊತೆಗೆ ಒಂದು ಸುಳ್ಳು.

ಒಂದು ದಿನ ಆ ಸುಳ್ಳು ಸ್ವಲ್ಪ ಜಾಸ್ತಿಯಾಯಿತು.

"ಭದ್ರವ್ವ ಏನಂದಳು ಗೊತ್ತಾ?" ಎಂದ ಕೆಂಚರಾಯ. "ಕುರುಚಲುಕಾಡಿನವರು ಶುದ್ಧ ಸೋಮಾರಿಗಳಂತೆ. ಕೂತು ತಿನ್ನೋ ಜಾತಿಯಂತೆ. ನಾನಲ್ಲಮ್ಮ, ಅವಳಂದಿದ್ದು!"

ಗಿಡ್ಡವ್ವನ ಮುಳ್ಳುಗಳೆಲ್ಲ ಝಲ್ಲೆಂದು ನಿಂತವು. ಪದ್ಧತಿಯನ್ನು ಅತ್ತ ಬಿಸಾಡಿ ನೇರ ಹೊಳೆಯ ದಡಕ್ಕೆ ನಡೆದಳು. ಆಚೆ ದಡದಲ್ಲಿ ಭದ್ರವ್ವ ಸ್ನಾನ ಮಾಡುತ್ತಿದ್ದಳು. ಸ್ವಲ್ಪ ಕೆಳಗೆ ಮುದ್ದಪ್ಪ ನೀರು ಕುಡಿಯುತ್ತಿದ್ದ.

"ಏ ಭದ್ರವ್ವಾ! ಯಾರೇ ಸೋಮಾರಿ? ಬೆಳಗಾದರೆ ಮುಳ್ಳಿನ ಬುಡ ಕೆರೆದು ಕೆರೆದು ನನ್ನ ಉಗುರು ಸವೆದಿದೆ, ನೋಡು ಬಾ!"

ಭದ್ರವ್ವನ ಸೊಂಡಿಲಿನ ನೀರು ಅಲ್ಲೇ ಸೋರಿಹೋಯಿತು. "ನಾನು ಹಾಗಂದೆನಾ? ನೀನೇ ಅಂದೆಯಂತಲ್ಲ, ನಾನು ಕಳಿಸಿದ ಹಲಸು ಕೊಳೆತಿತ್ತು ಅಂತ! ಮನಸ್ಸಿಗೆ ಎಷ್ಟು ಬೇಜಾರಾಯ್ತು ಗೊತ್ತಾ?"

"ಹಲಸಾ? ಯಾವ ಹಲಸು ತಾಯಿ? ನಮಗೆ ಬಂದಿದ್ದು ಸಿಪ್ಪೆ!"

ಅಷ್ಟರಲ್ಲಿ ಹೊಳೆಯ ಮೇಲೆ ಬಾಗಿದ ಮತ್ತಿಮರದ ಕೊಂಬೆ ಹಿಡಿದು ಕೆಂಚರಾಯ ಬಂದ. ಎರಡೂ ಗಲ್ಲ ಗಡಿಗೆಯ ಹಾಗೆ ಊದಿಕೊಂಡಿದ್ದವು.

"ಬಾರಪ್ಪಾ ರಾಯಭಾರಿ, ಒಳ್ಳೆ ಹೊತ್ತಿಗೆ ಬಂದೆ" ಎಂದ ಮುದ್ದಪ್ಪ. "ಯಾರು ಏನು ಕಳಿಸಿದರು, ಯಾರಿಗೆ ಏನು ಮುಟ್ಟಿತು, ಎಲ್ಲರೆದುರು ಹೇಳಿಬಿಡು."

"ಗುಮ್... ಗುಮ್ಮುಮ್" ಎಂದ ಕೆಂಚರಾಯ.

"ಏನು? ಕೇಳಿಸಲಿಲ್ಲ. ಗಂಟಲು ಕಟ್ಟಿದೆಯೇನೋ ಪಾಪ!" ಎನ್ನುತ್ತ ಮುದ್ದಪ್ಪ ಮರಕ್ಕೆ ತನ್ನ ಭುಜದಿಂದ ಒಂದು ಗುದ್ದು ಕೊಟ್ಟ. ಕೆಂಚರಾಯ ಕೊಂಬೆಯಿಂದ ನೇರ ನೀರಿಗೆ. ಎದ್ದು ಕೆಮ್ಮಿದ. ಕೆಮ್ಮಿದ ಒಂದೊಂದು ಸಲಕ್ಕೂ ಒಂದೊಂದು ಹಲಸಿನ ತೊಳೆ! ಹಳದಿ ತೊಳೆಗಳು ಹೊಳೆಯಲ್ಲಿ ಮೆರವಣಿಗೆ ಹೊರಟವು.

"ಅದು... ಅದು ರುಚಿ ಪರೀಕ್ಷೆ!" ಎಂದ ಕೆಂಚರಾಯ. "ಕೊಳೆತದ್ದು ಬಡವರಿಗೆ ಹೋಗಬಾರದಲ್ಲ? ನನ್ನ ಕಾಳಜಿ ನಿಮಗೆ ಅರ್ಥವಾಗಲ್ಲ!"

ಭದ್ರವ್ವ ಅವನ ಬಾಲವನ್ನು ಸೊಂಡಿಲಿನಲ್ಲಿ ಹಿಡಿದು ದಡದ ಮೇಲೆ ಕೂರಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಗಿಡ್ಡವ್ವಾ, ನಾಳೆಯಿಂದ ಎರಡು ಪಾಲು ಕಳಿಸ್ತೀನಿ. ನಾನೇ ನಿಂತು ಕಳಿಸ್ತೀನಿ."

ಮರಿಯ ಮುಖ ನೆನಪಾಗಿ ಗಿಡ್ಡವ್ವನ ನಾಲಿಗೆಯ ತುದಿಗೆ 'ಹೂಂ' ಎಂಬ ಮಾತು ಬಂದಿತ್ತು. ಆದರೂ ಅವಳು ಹೇಳಿದ್ದೇ ಬೇರೆ.

"ಇವತ್ತಿಗೆ ಕೊಡು ತಾಯಿ, ನನ್ನ ಮಗು ಹಸಿದಿದೆ, ಬೇಡ ಅನ್ನೋ ಹಟ ನನಗಿಲ್ಲ. ಆದರೆ ದಿನಾ ನಿನ್ನ ದಾರಿ ನೋಡ್ತಾ ಕೂರೋ ಬಾಳು ಬೇಡ. ನಮಗೆ ನಮ್ಮ ನೆಲ ವಾಪಸ್ ಬೇಕು. ಲಂಟಾನ ಕೀಳೋಕೆ ಬನ್ನಿ."

"ನಿಮ್ಮ ಕಾಡಿನ ಕಳೆ ನೀವು ಕೀಳಬೇಕಪ್ಪ" ಎಂದು ಮುದ್ದಪ್ಪ ಗೊಣಗಿದ. "ಗಡಿ ಅನ್ನೋದು ಒಂದಿದೆ."

ಆಗ ಮತ್ತಿಮರದ ತುದಿಯಿಂದ ಒಂದು ಪಿಕಳಾರ ಹಕ್ಕಿ ಜುಟ್ಟು ಅಲ್ಲಾಡಿಸುತ್ತ ನಕ್ಕಿತು. "ಮುದ್ದಪ್ಪಣ್ಣಾ, ಆ ಕಳೆ ನಿಮ್ಮದೇ ಕಣಣ್ಣ! ನಿಮ್ಮ ಹುಲ್ಲುಕಾಡಿನ ಅಂಚಿನಲ್ಲಿ, ಭದ್ರವ್ವನ ಬಿದಿರಿನ ಅಂಚಿನಲ್ಲಿ ಲಂಟಾನ ಹಣ್ಣಾಗ್ತದೆ. ನಾವು ಅಲ್ಲಿ ತಿಂತೀವಿ, ಇಲ್ಲಿ ಹಾಕ್ತೀವಿ. ಇವರು ಎಷ್ಟು ಕಿತ್ತರೂ ನಾಳೆ ಮತ್ತೆ ಬೀಜ ಉದುರ್ತದೆ. ನಾವೇನು ಮಾಡೋಣ, ಹಕ್ಕಿ ಹೊಟ್ಟೆ ತಡೀತದಾ?"

ಮುದ್ದಪ್ಪ ತಿರುಗಿ ತನ್ನ ಕಾಡಿನ ಅಂಚಿನ ಕಡೆ ನೋಡಿದ. ಭದ್ರವ್ವನೂ ತನ್ನದರ ಕಡೆ ನೋಡಿದಳು. ಎರಡೂ ಕಡೆ ಕೆಂಪು ಹಳದಿ ಹೂಗೊಂಚಲು!

"ಹಕ್ಕಿ ದಾಟ್ತದೆ, ಬೀಜ ದಾಟ್ತದೆ" ಎಂದಳು ಗಿಡ್ಡವ್ವ ಮೆಲ್ಲಗೆ. "ದೊಡ್ಡವರು ನೀವಿಬ್ಬರೇ ದಾಟದೆ ನಿಂತಿರೋದು."

ಭದ್ರವ್ವ ಒಂದು ಕಾಲು ಎತ್ತಿದಳು. ಅಜ್ಜಿ, ಮುತ್ತಜ್ಜಿ ಯಾರೂ ಇಡದ ಕಡೆ ಇಟ್ಟಳು. ಏನೂ ಆಗಲಿಲ್ಲ! ಆಕಾಶ ಬೀಳಲಿಲ್ಲ, ಭೂಮಿ ಬಿರಿಯಲಿಲ್ಲ. ಹಿಂದೆಯೇ ಮುದ್ದಪ್ಪನೂ ಬಂದ. ಅವರ ಹಿಂದೆ ಅವರವರ ಹಿಂಡುಗಳೂ ಬಂದವು.

ಆನೆಗಳು ಲಂಟಾನದ ಪೊದೆಗಳನ್ನು ಬುಡಸಮೇತ ಕಿತ್ತು ಬೇರು ಮೇಲಾಗಿಸಿ ಒಣಹಾಕಿದವು. ಕಾಟಿಗಳು ತುಳಿದವು. ನೆಲದೊಳಗೆ ಉಳಿದ ತುಂಡುಗಳನ್ನು ಕುರುಚಲುಕಾಡಿನವರೇ ಕೆದಕಿ ತೆಗೆದರು. ಮೊಲಗಳಿಗಂತೂ ಮೂಗಿನ ತುಂಬ ಮಣ್ಣು. ಆಮೇಲೆ ಎಲ್ಲರೂ ಬಿದಿರುಕಾಡಿಗೆ, ಹುಲ್ಲುಕಾಡಿಗೆ ಹೋಗಿ ಅಲ್ಲಿನ ಅಂಚಿನ ಪೊದೆಗಳನ್ನೂ ಕಿತ್ತರು. ಪ್ರತಿ ಸಂಜೆ ಮೂರು ಕಾಡಿನವರೂ ಒಂದೇ ಸಾಲಿನಲ್ಲಿ ಕೂತು ತಿಂದರು. ಜಗಳ ಆಗಲಿಲ್ಲವೇ? ಆಯಿತು, ದಿನಾ ಆಯಿತು! ಒಬ್ಬರು ಹೆಚ್ಚು ದುಡಿದೆ ಎಂದರೆ ಇನ್ನೊಬ್ಬರು ನಾನೇ ಎನ್ನುತ್ತಿದ್ದರು. ಆದರೆ ಜಗಳ ಎದುರೆದುರು ಆಯಿತು, ಹಾಗಾಗಿ ಊಟದ ಹೊತ್ತಿಗೆ ಮುಗಿಯಿತು.

ನೆಲವೇನೋ ಬಯಲಾಯಿತು. ಅಲ್ಲಿ ಬೆಳೆಯುವುದೇನು? ಬೀಜ ಬೇಕಲ್ಲ! ಮುದ್ದಪ್ಪನಿಗೆ ಒಂದು ಉಪಾಯ ಹೊಳೆಯಿತು, ಹೇಳಲು ಮಾತ್ರ ನಾಚಿಕೆ.

"ನಮ್ಮವರು ತೆನೆಹುಲ್ಲು ತಿಂತಾರೆ. ಬೀಜ ಪೂರಾ ಅರಗಲ್ಲ. ಬೆಳಿಗ್ಗೆ... ಅದೇ... ಇಲ್ಲಿಗೇ ಬಂದುಬಿಟ್ಟರೆ?"

ಗಿಡ್ಡವ್ವ ನಕ್ಕು ನಕ್ಕು ಉರುಳಿಬಿದ್ದಳು. ಭದ್ರವ್ವ ಗಂಭೀರವಾಗಿ, "ನಮ್ಮವರು ಬೇಲದ ಹಣ್ಣು ತಿಂದು ಬರ್ತಾರೆ" ಎಂದಳು. ಪಿಕಳಾರಗಳು, "ನಾವು ನೇರಳೆ ತಿಂದು ಬರ್ತೀವಿ" ಎಂದವು. ಈಗ ಗೊತ್ತಾಯಿತೇ, ಆ ಕಾಡಿನವರು ಕೈಮುಗಿದದ್ದು ಯಾಕೆಂದು? ಅಷ್ಟರಲ್ಲಿ ಮಳೆಯೂ ಬಂತು. ಲದ್ದಿಯೊಳಗಿಂದ ಹಸಿರು ಎದ್ದಿತು.

ಕೆಂಚರಾಯನನ್ನು ಓಡಿಸಲಿಲ್ಲ. ಗಿಡ್ಡವ್ವನೇ ಬೇಡವೆಂದಳು. ಆದರೆ ಅವನು ಈಗಲೂ ಪ್ರತಿ ಗಡಿಯಲ್ಲಿ ಇಳಿದು, ಒಂದು ಮೊಲದ ಎದುರು ಕೂತು, "ಆ..." ಎಂದು ಬಾಯಿ ಅಗಲಿಸಿ ಎರಡೂ ಗಲ್ಲ ತೋರಿಸಿಯೇ ಮುಂದೆ ಹೋಗಬೇಕು. ಮೊಲ ಒಳಗೆ ಇಣುಕಿ, "ಹಲ್ಲು ಉಜ್ಜೋ ಮಾರಾಯ" ಎನ್ನುತ್ತದೆ.

ಹೊಸ ಹುಲ್ಲು ಮೊಣಕಾಲೆತ್ತರ ಬಂದ ಮೇಲೆ ಒಂದು ಬೆಳಿಗ್ಗೆ ಗಿಡ್ಡವ್ವ ಬಿಲದ ಬಾಗಿಲಲ್ಲಿ ಕೂತಿದ್ದಳು. ಮರಿ ಗೆಡ್ಡೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಓಡಿ ಬಂತು. ತಾನೇ ಅಗೆದದ್ದು! ತಾಯಿ ಹಿಗ್ಗಿನಿಂದ ತಬ್ಬಿಕೊಂಡಳು. ಮರುಕ್ಷಣವೇ ಕಿರುಚಿದಳು: "ಅಯ್ಯಯ್ಯೋ! ಚುಚ್ಚುತ್ತಲ್ಲೋ!"

ಹೊಳೆಯಾಚೆಯಿಂದ ಭದ್ರವ್ವ ಗಾಬರಿಯಾಗಿ, "ಏನಾಯ್ತೇ?" ಎಂದು ಕೂಗಿದಳು.

"ಏನಿಲ್ಲ ಕಣೇ!" ಎಂದಳು ಗಿಡ್ಡವ್ವ, ಕಣ್ಣೊರೆಸಿಕೊಳ್ಳುತ್ತ. "ಮಗ ದಷ್ಟಪುಷ್ಟವಾಗಿದ್ದಾನೆ!"

ನೀತಿ: ನೆರೆಯ ನಾಡಿನ ಬಡತನ ನೀಗಲು ಬೇರೆಯವರ ಕೈಯಲ್ಲಿ ದಾನ ಕಳಿಸಿದರೆ ಸಾಲದು, ಆಳುವವರು ಎದುರೆದುರು ಕೂತು, ಹಸಿದವರನ್ನೇ ಕೇಳಿ, ತಮ್ಮ ಅಂಚಿನ ಕಳೆಯನ್ನೂ ಕಿತ್ತು, ಒಟ್ಟಿಗೆ ದುಡಿಯಬೇಕು.

ಅಂದಹಾಗೆ, ಮಗ ತಾಯಿಯನ್ನು ಚುಚ್ಚಿದ ಆ ದಿನ ಯಾವುದೆಂದು ಕೇಳುವವರು ಇದ್ದೇ ಇರುತ್ತೀರಿ. ಬರೆದುಕೊಳ್ಳಿ: ಶ್ರಾವಣ ಶುದ್ಧ ದಶಮಿ, ಬುಧವಾರ.