ನಾಯಿಬೋನಿಗೆ ಬಂದ ಮೊಲಗಳು

ಯಾರೋ ಬಳಸಿ ಬಿಟ್ಟ, ತಳವಿಲ್ಲದ ನಾಯಿಬೋನನ್ನು ಸುಲೋಚನಮ್ಮ ತಂದು, ಮೊಲಗಳಿಗೆ ಮನೆ ಮಾಡಲೆಂದು ಹಿತ್ತಿಲ ಮಣ್ಣಿನ ಮೇಲೆ ನಿಲ್ಲಿಸಿದರು. ತಾಯಿಮೊಲವನ್ನೂ ಮರಿಗಳನ್ನೂ ಒಳಗೆ ಬಿಟ್ಟು, ಸರಳುಗಳಿಗೆ ಬಿಗಿಯುವ ಜಾಲರಿ ತರಲು ಪೇಟೆಗೆ ಹೋದರು.

ಸರಳುಗಳ ನಡುವಿನ ಸಂದು ತಾಯಿಮೊಲದ ಕಣ್ಣಿಗೆ ಬಿತ್ತು. ಕೂಡಲೇ ಅದು ನೆಲ ಕೆರೆಯತೊಡಗಿತು.

"ಓಡಿಹೋಗುವ ಯೋಚನೆಯೇನು?" ಎಂದು ಬೋನು ಗದರಿತು. "ಅಷ್ಟು ದೊಡ್ಡ ನಾಯಿಗೇ ನನ್ನಿಂದ ತಪ್ಪಿಸಿಕೊಳ್ಳಲಾಗಲಿಲ್ಲ."

"ನನಗೆ ಹೊರಗೆ ಹೋಗಬೇಕಿಲ್ಲ. ಒಳಗೆ ಬರುವವರದೇ ಚಿಂತೆ," ಎಂದಿತು ಮೊಲ.

"ಒಳಗೆ? ಇಷ್ಟು ವರ್ಷದಲ್ಲಿ ಒಂದು ಬೆಕ್ಕೂ ನನ್ನೊಳಗೆ ಕಾಲಿಟ್ಟಿಲ್ಲ!"

ಮೊಲ ವಾದಕ್ಕೆ ನಿಲ್ಲಲಿಲ್ಲ. ಬಿಲ ತೋಡಿ, ಮರಿಗಳನ್ನು ಒಳಗೆ ತಳ್ಳಿ, ತಾನೂ ಇಳಿದು ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಗಂಡುಬೆಕ್ಕು ಸರಳುಗಳ ನಡುವೆ ಸಲೀಸಾಗಿ ನುಸುಳಿ ಬಂತು. ಮೂಲೆಮೂಲೆಯನ್ನೂ ಮೂಸಿ, ಹಸಿಮಣ್ಣನ್ನು ಕಾಲಿನಿಂದ ಕೆದಕುವಷ್ಟರಲ್ಲಿ ಸುಲೋಚನಮ್ಮ ಗೇಟು ತೆರೆದ ಸದ್ದಾಯಿತು. ಬೆಕ್ಕು ಬಂದ ದಾರಿಯಲ್ಲೇ ಪರಾರಿಯಾಯಿತು.

ಮೊಲ ಮಣ್ಣು ಸರಿಸಿ ತಲೆ ಹೊರಗೆ ಹಾಕಿದಾಗ ಬೋನು ಮೆಲ್ಲಗೆ ಕೇಳಿತು:

"ಹಾಗಾದರೆ ಇಷ್ಟು ವರ್ಷ ಬೆಕ್ಕುಗಳು ಯಾಕೆ ಬರಲಿಲ್ಲ?"

"ಆಗ ನಿನ್ನೊಳಗೆ ನಾಯಿ ಇತ್ತಲ್ಲ," ಎಂದಿತು ಮೊಲ.