ಓದದೆ ಬಿಟ್ಟ ಸಾಲು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ರಾಚಯ್ಯಜ್ಜ ಎಂಬ ಗುರು ಇದ್ದರು. ಒಂದು ಕಾಲಕ್ಕೆ ಹೆಸರಾದ ನಾಡಿವೈದ್ಯರು. ಈಗ ಎರಡೂ ಕಣ್ಣು ಹೋಗಿದ್ದವು. ಅವರಿಗೆ ಯಾರೇ ಕಾಗದ ಓದಿ ಹೇಳಲಿ, ಮೊದಲು ತಮ್ಮ ಮಣಿಕಟ್ಟನ್ನು ಅವರ ಕೈಗೆ ಕೊಡಬೇಕು. ಅದು ಅಲ್ಲಿಯ ರೂಢಿ.

ಆ ದಿನ ಬೆಳಿಗ್ಗೆ ನಾಲ್ಕು ಜನ ಮುಖಂಡರು ಒಂದು ಮನವಿ ತಂದುಕೊಟ್ಟು, ಸಹಿಗಾಗಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಎರಡು ಸಲ ಚಹಾ ಕುಡಿದರೂ ಅವರ ಅವಸರ ತಗ್ಗಿರಲಿಲ್ಲ. ಓದುವ ಸರದಿ ಶಿಷ್ಯೆ ಮಹಾನಂದಾಳದು.

ಮನವಿಯ ಮೇಲೆ ಕಣ್ಣಾಡಿಸಿದ ಅವಳು ಮೊದಲ ಸಾಲಿಗೇ ನಿಂತಳು. ಭ್ರೂಣಗಳ ಮೇಲಿನ ಸಂಶೋಧನೆಯನ್ನು ಕಾನೂನು ತಂದು ನಿಲ್ಲಿಸಬೇಕಂತೆ.

ಆಶ್ರಮಕ್ಕೆ ಬಂದುಹೋಗುವ ಅವಳು ಪಟ್ಟಣದ ಪ್ರಯೋಗಾಲಯದಲ್ಲಿ ಮಾಡುವ ಕೆಲಸವೇ ಅದು. ಮಕ್ಕಳಿಲ್ಲದವರಿಗಾಗಿ ಆಸ್ಪತ್ರೆಯಲ್ಲಿ ಬೆಳೆಸಿ, ಬಳಸದೆ ಉಳಿದ ಐದು ದಿನದ ಭ್ರೂಣಗಳು. ಆ ದಂಪತಿಗಳೇ ಒಪ್ಪಿ ಕೊಟ್ಟವು. ಅವುಗಳಿಂದ, ದೇಹದ ಯಾವ ಭಾಗವಾಗಿಯಾದರೂ ಬೆಳೆಯಬಲ್ಲ ಆಕರಕೋಶ ತೆಗೆದು ಕುರುಡಾದ ಕಣ್ಣಿಗೆ ಮದ್ದು ಹುಡುಕುತ್ತಿದ್ದಳು. ಅಜ್ಜನ ಸಹಿ ಬಿದ್ದರೆ ಇಡೀ ಸೀಮೆಯೇ ಸಹಿ ಹಾಕುತ್ತದೆ. ಅಲ್ಲಿಗೆ ಆರು ವರ್ಷದ ದುಡಿಮೆಗೆ ಬೀಗ.

“ಓದವ್ವ,” ಅಂದರು ಅಜ್ಜ, ಮೂರು ಬೆರಳು ಅವಳ ನಾಡಿಯ ಮೇಲಿಟ್ಟು.

ಓದಿದಳು. ದನಿ ಎಲ್ಲೂ ತಡವರಿಸಲಿಲ್ಲ. ಮುಗಿಸಿ ಕಾಗದ ಮಡಚಿದಳು.

“ನಡುವ ಒಂದ ಸಾಲು ಬಿಟ್ಟಿ.”

“ಇಲ್ರಿ ಅಜ್ಜಾರ.”

“ಬಾಯಿ ನೆಟ್ಟಗ ಹೊಂಟಿತ್ತು. ನಾಡಿ ಮಾತ್ರ ಒಂದ ಕಡೆ ಜಿಗೀತು. ಅದನ್ನ ಓದು.”

ಮಹಾನಂದಾಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮತ್ತೆ ಕಾಗದ ಬಿಚ್ಚಿದಳು.

“‘ನಾವೆಲ್ಲರೂ ಒಂದು ದಿನ ಇಂಥ ಭ್ರೂಣವೇ ಆಗಿದ್ದೆವು.’”

ಅಜ್ಜ ಹೊರಗೆ ಕಿವಿಗೊಟ್ಟರು. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

“ಇದು ಸುಳ್ಳೇನು?”

“ಸುಳ್ಳಲ್ರಿ.” ಅವಳು ಕಾಗದ ಕೆಳಗಿಟ್ಟಳು. “ಆದ್ರ ಹಾಂಗ ಇಟ್ರೂ ಅವನ್ನ ಕಡೀಕ ಚೆಲ್ಲೂದೇ ಅಲ್ರಿ? ನಿಮ್ಮಂಥವರಿಗೆ ಕಣ್ಣು ಬರ್ಲಿ ಅಂತ ಮಾಡಾಕತ್ತೀನಿ.”

“ನನ್ನ ಕಣ್ಣ ಅಡ್ಡ ತರಬ್ಯಾಡ. ಆ ಕೆಲಸಕ್ಕ ಕೂತಾಗ ನಿನ್ನ ಕೈ ಹೆಂಗಿರ್ತೈತಿ, ಅದನ್ನ ಹೇಳು.”

“ಪ್ರತಿ ಸಲ ನಡಗತೈತ್ರಿ. ಜೋಡಿ ಕೆಲಸ ಮಾಡೋರು ನಗ್ತಾರ. ರೂಢಿ ಆದ್ರ ಹೋಗ್ತೈತಿ ಅಂತಾರ.”

ಹೊರಗೆ ಒಬ್ಬ ಮುಖಂಡ ಕೆಮ್ಮಿದ. “ಅಜ್ಜಾರ, ಸಹಿ ಆತೇನ್ರಿ?”

ಅಜ್ಜ ಅವಳ ಮಣಿಕಟ್ಟು ಬಿಟ್ಟು ಕಾಗದಕ್ಕೆ ಕೈ ಚಾಚಿದರು. ಪೆನ್ನನ್ನೂ ಕೇಳಿದರು. ಮಹಾನಂದಾ ಎರಡನ್ನೂ ಕೊಟ್ಟಳು.

ಅವರು ಆ ಕಾಗದದಲ್ಲೇ ಪೆನ್ನನ್ನು ಸುತ್ತಿ, ಎರಡನ್ನೂ ಅವಳ ಕೈಗಿಟ್ಟರು.

“ನಿನ್ನ ಹತ್ರಾನ ಇಟ್ಕೋ. ಕೈ ನಡುಗೂದು ನಿಂತ ದಿನ ತಗೊಂಡು ಬಾ. ಅವತ್ತ ಸಹಿ ಹಾಕ್ತೀನಿ.”