ಸಂಧಾನಕ್ಕೆ ಹೋದ ವರ್ತಕ

“ಗುರುಗಳೇ, ಶತ್ರುದೇಶಕ್ಕೆ ಸಂಧಾನಕ್ಕೆ ಹೋಗಬೇಕೆಂದು ಅರಸರು ಹೇಳಿಕಳುಹಿಸಿದ್ದಾರೆ. ಆದರೆ ಆ ಜನರ ಮೇಲಿನ ದ್ವೇಷ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಇಂಥವನು ಹೋಗಬಹುದೇ?” ಎಂದು ಶಿಷ್ಯನಾದ ಮುರಿಗೆಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಎರಡು ರಾಜ್ಯಗಳ ನಡುವೆ ಬಹುಕಾಲದಿಂದ ಯುದ್ಧ ನಡೆದಿತ್ತು. ಗಡಿಯ ಊರುಗಳಲ್ಲಿ ಉಳುವವರಿಲ್ಲದೆ ಹೊಲಗಳು ಬೀಳುಬಿದ್ದಿದ್ದವು. ಎರಡೂ ಕಡೆಯ ಭಾಷೆ ಬಲ್ಲ ಒಬ್ಬ ಕುದುರೆ ವರ್ತಕನಿದ್ದ. ಅವನ ತಮ್ಮ ಆ ಯುದ್ಧದಲ್ಲಿಯೇ ಸತ್ತಿದ್ದ. ಬೇರೆ ಯಾರೂ ಒಪ್ಪದ ಕಾರಣ ಅರಸ ಅವನನ್ನೇ ಸಂಧಾನಕ್ಕೆ ಕಳುಹಿಸಿದ.

ಶತ್ರುಪಾಳೆಯದವರು ಅವನ ಕತ್ತಿಯನ್ನು ಬಾಗಿಲಲ್ಲಿಯೇ ತೆಗೆದಿಟ್ಟುಕೊಂಡರು. ಒಳಗೆ ದಂಡನಾಯಕ ಕುಳಿತಿದ್ದ.

“ಕಣಿವೆಯಲ್ಲಿ ಸತ್ತ ಹುಡುಗ ತನ್ನ ಅಣ್ಣ ಕುದುರೆ ವರ್ತಕ ಎಂದಿದ್ದ. ಅವನನ್ನು ಕೊಂದವನು ನಾನು. ಇದನ್ನು ತಿಳಿದುಕೊಂಡು ಮಾತಾಡಿ” ಎಂದ.

ವರ್ತಕನ ಕೈ ಕತ್ತಿಯಿಲ್ಲದ ಸೊಂಟಕ್ಕೆ ಹೋಯಿತು. ಅವನು ಎದ್ದು ಹೊರಗೆ ಬಂದ. ಕುದುರೆ ಅಲ್ಲಿಯೇ ಇತ್ತು. ಹತ್ತಿ ಹೊರಟುಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಕುದುರೆಯ ಕೊರಳಿಗೆ ಹಣೆಯೊತ್ತಿ ಅತ್ತ. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ ಕುಳಿತ.

“ಸಾಯುವಾಗ ಏನಾದರೂ ಕೇಳಿದನೇ?”

“ನೀರು ಕೇಳಿದ. ನಮ್ಮಲ್ಲಿಯೂ ಇರಲಿಲ್ಲ. ಕಣಿವೆಯ ಬಾವಿಗೆ ನಿಮ್ಮವರ ಕಾವಲಿತ್ತು.”

ವರ್ತಕ, “ಹಾಗಿದ್ದರೆ ಬಾವಿಯಿಂದಲೇ ಮಾತು ಶುರುವಾಗಲಿ” ಎಂದ.

ಬಾವಿಯ ಕಾವಲು ತೆಗೆಯುವುದೆಂದು ಅಂದು ನಿಶ್ಚಯವಾಯಿತು. ಎರಡೂ ಕಡೆಯ ಹೆಂಗಸರು ಅಲ್ಲಿ ನೀರು ಸೇದತೊಡಗಿದರು. ಅನಂತರ ಸೆರೆಯಾಳುಗಳ ಮಾತಾಯಿತು, ಕಣಿವೆಯ ದಾರಿಯ ಮಾತಾಯಿತು. ಮಾತು ಹಲವು ಸಲ ಮುರಿಯಿತು. ಮುರಿದಾಗಲೆಲ್ಲ ವರ್ತಕ ಮತ್ತೆ ಹೋದ. ಮುಂದಿನ ಬಿತ್ತನೆಯ ಹೊತ್ತಿಗೆ ಎರಡು ಸೇನೆಗಳೂ ಹಿಂದೆ ಸರಿದವು.

ಅವನು ಊರಿಗೆ ಮರಳಿದಾಗ ತಾಯಿ ಬಾಗಿಲು ತೆರೆಯಲಿಲ್ಲ. “ತಮ್ಮನನ್ನು ಕೊಂದವನ ಎದುರು ಕೂತು ಬಂದವನು ನನಗೆ ಮಗನಲ್ಲ” ಎಂದಳು. ಗಡಿಯ ಸಂತೆಯಲ್ಲಿ ದಂಡನಾಯಕ ವರ್ತಕನಿಗೆ ಆಗಾಗ ಎದುರಾಗುತ್ತಿದ್ದ. ಇಬ್ಬರೂ ಕೊನೆಯವರೆಗೆ ಒಬ್ಬರಿಗೊಬ್ಬರು ಕೈಮುಗಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ, “ಹಾಗಾದರೆ ಅವನ ದ್ವೇಷ ಹೋಗಲೇ ಇಲ್ಲವೇ?” ಎಂದ.

“ಅದು ಹೋಗಲಿ ಎಂದು ಅವನು ಕಾದಿದ್ದರೆ, ಇನ್ನೆಷ್ಟು ಮನೆಗಳ ತಮ್ಮಂದಿರು ಹೋಗುತ್ತಿದ್ದರು?”